ಹಳೇ ನುಡಿ ಫೈಲಿನಾಗ ‘ದಂಡೋತಿ’ ಅಂತ ಹುಡುಕಿದ್ರ ಸಿಗಲ್ಲ, ಯಾಕ? ಕಸದಂತೆ ಕಾಣೋ ಅಕ್ಷರ ಕನ್ನಡಕ್ಕೆ ತಿರುಗಿಸೋ ದಾರಿ ಇಲ್ಲದ

ದಂಡೋತಿ (ಚಿತ್ತಾಪುರ): ಸಹಕಾರ ಸಂಘದ ಹಳೇ ಸದಸ್ಯರ ಪಟ್ಟಿ, ಜಾತ್ರೆಗೆ ದೇಣಿಗೆ ಕೊಟ್ಟವರ ಹೆಸರು, ಗ್ರಾಮ ಪಂಚಾಯಿತಿ ಸಭೆಯ ನಡಾವಳಿ, ಶಾಲೆಯ ಹಳೇ ದಾಖಲಾತಿ, ಅಂಗಡಿಯ ಉದ್ರಿ ಲೆಕ್ಕ. ಹತ್ತು ಹದಿನೈದು ವರ್ಷದ ಹಿಂದೆ ಡಿಟಿಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿದ ಇಂಥ ಕಾಗದಗಳ ಫೈಲು ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಬಹಳ ಮಂದಿ ಹತ್ರ ಇವೆ. ಪೆನ್‌ಡ್ರೈವ್‌ನಾಗ ಅಥವಾ ಹಳೇ ಸಿಡಿಯಾಗ ಭದ್ರವಾಗಿಯೂ ಇವೆ. ಆದ್ರ ಇವತ್ತು ಅದನ್ನ ಹೊಸ ಲ್ಯಾಪ್‌ಟಾಪಿಗೆ ಹಾಕಿ ತೆಗೆದ್ರೆ, ಇಲ್ಲಾ ಮೊಬೈಲಿಗೆ ಕಳಿಸಿ ನೋಡಿದ್ರೆ ಕನ್ನಡ ಕಾಣಲ್ಲ. ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಗೀಟು, ಚುಕ್ಕಿ, ನಡುವೆ ಪೌಂಡ್ ಗುರುತು, ಬರೀ ಕಸ.

‘ವೈರಸ್ ಬಂದದ’, ‘ಫೈಲ್ ಕೆಟ್ಟದ’ ಅಂತ ಹೇಳಿ ಅಳಿಸಿಬಿಡುವವರೂ ಇದ್ದಾರೆ. ಅಳಿಸಬ್ಯಾಡ್ರಿ. ಬಹುತೇಕ ಸಲ ಫೈಲು ಕೆಟ್ಟಿರೋದಿಲ್ಲ, ಅದನ್ನ ಓದೋ ಕೀಲಿ ಮಾತ್ರ ಆ ಕಂಪ್ಯೂಟರಿನಲ್ಲಿ ಇರೋದಿಲ್ಲ. ಕಾಸು ಖರ್ಚಿಲ್ಲದೆ ಇದನ್ನ ಸರಿ ಮಾಡುವ ಸಣ್ಣ ಸಣ್ಣ ಸಾಧನಗಳಿವೆ. ಅವು ಏನು, ಯಾವುದಕ್ಕೆ ಬರ್ತಾವ, ಯಾವುದಕ್ಕೆ ಬರಲ್ಲ, ಎಲ್ಲಿ ಎಚ್ಚರ ಇರಬೇಕು ಅನ್ನೋ ವಿವರ ಇಲ್ಲಿದೆ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು

ಕಂಪ್ಯೂಟರ್ ಯಾವ ಭಾಷೆಯ ಅಕ್ಷರವನ್ನೂ ಅಕ್ಷರವಾಗಿ ಇಟ್ಟುಕೊಳ್ಳಲ್ಲ. ಪ್ರತಿ ಅಕ್ಷರಕ್ಕೊಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನಷ್ಟೇ ಫೈಲಿನಲ್ಲಿ ಬರೆದಿಡುತ್ತದೆ. ತೆರೆಯುವಾಗ ಆ ಸಂಖ್ಯೆಗೆ ಯಾವ ಚಿತ್ರ ತೋರಿಸಬೇಕು ಅಂತ ಫಾಂಟನ್ನು ಕೇಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನೋ ಪಟ್ಟಿಗೇ ಎನ್‌ಕೋಡಿಂಗ್ ಅಂತಾರೆ.

ಅಂಗಡಿಯವರಿಗೆ ಇದು ಬೇಗ ತಿಳಿಯುತ್ತದೆ. ಹಿಂದೆ ಒಬ್ಬೊಬ್ಬ ಅಂಗಡಿಯವರು ತಮ್ಮ ಮಾಲಿಗೆ ತಾವೇ ನಂಬರ್ ಹಾಕಿಕೊಳ್ಳುತ್ತಿದ್ದರು. ಒಂದು ಅಂಗಡಿಯಲ್ಲಿ 12 ಅಂದ್ರೆ ತೊಗರಿಬ್ಯಾಳಿ, ಪಕ್ಕದ ಅಂಗಡಿಯಲ್ಲಿ 12 ಅಂದ್ರೆ ಸಾಬೂನು. ಒಬ್ಬರ ಖಾತೆ ಪುಸ್ತಕ ಇನ್ನೊಬ್ಬರ ಕೈಗೆ ಕೊಟ್ಟರೆ ಲೆಕ್ಕವೆಲ್ಲ ಅಡ್ಡಾದಿಡ್ಡಿ. ಜಿಎಸ್‌ಟಿ ಬಿಲ್ಲಿನ ಎಚ್‌ಎಸ್‌ಎನ್ ಕೋಡ್ ಹಾಗಲ್ಲ, ದೇಶದ ಯಾವ ಅಂಗಡಿಗೆ ಹೋದರೂ ಒಂದು ನಂಬರಿಗೆ ಒಂದೇ ಮಾಲು. ಹಳೇ ಕನ್ನಡ ಫಾಂಟುಗಳು ಮೊದಲನೇ ಥರ. ಇವತ್ತಿನ ಯೂನಿಕೋಡ್ ಎರಡನೇ ಥರ.

1960ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಆಸ್ಕಿ ಪಟ್ಟಿಯಲ್ಲಿ ಇದ್ದದ್ದು 128 ಜಾಗ. ಅದು ಇಂಗ್ಲಿಷಿಗೆ ಸಾಕಾಗಿತ್ತು. ಆಮೇಲೆ ಅದನ್ನ 256ಕ್ಕೆ ಹಿಗ್ಗಿಸಿ, ಹೆಚ್ಚಿನ ಜಾಗದಲ್ಲಿ ಯುರೋಪಿನ ಭಾಷೆಗಳ ಗೀಟು, ಚುಕ್ಕಿ ಇರುವ ಅಕ್ಷರಗಳನ್ನ ತುಂಬಿದರು. ಕನ್ನಡಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ನಮ್ಮವರು ಒಂದು ಉಪಾಯ ಮಾಡಿದರು. ಫೈಲಿನ ಒಳಗೆ ಇಂಗ್ಲಿಷ್ ಅಕ್ಷರದ ಸಂಖ್ಯೆಯೇ ಇರಲಿ, ಫಾಂಟಿನಲ್ಲಿ ಮಾತ್ರ ಆ ಜಾಗಕ್ಕೆ ಕನ್ನಡ ಅಕ್ಷರದ ಚಿತ್ರ ಇಟ್ಟರಾಯ್ತು ಅಂತ. ಅಂದ್ರೆ ಡಬ್ಬಿ ಮೇಲಿನ ಚೀಟಿ ಇಂಗ್ಲಿಷ್, ಒಳಗೆ ಕಾಣೋದು ಕನ್ನಡ.

ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ತಂದ ಬರಹ, ಪುಣೆಯ ಮಾಡ್ಯುಲರ್ ಕಂಪನಿಯ ಶ್ರೀಲಿಪಿ, ಇವೆಲ್ಲ ಇದೇ ಉಪಾಯದ ಮೇಲೆ ನಿಂತವು. ಅವತ್ತಿನ ಮಟ್ಟಿಗೆ ಅದು ದೊಡ್ಡ ಉಪಕಾರವೇ. ಸರ್ಕಾರಿ ಕಚೇರಿ, ಪ್ರೆಸ್ಸು, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಟೈಪಿಂಗ್ ನಡೆದದ್ದು ಇವುಗಳಿಂದಲೇ. ತೊಂದರೆ ಏನಂದ್ರೆ, ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಫೈಲು ಹೋದ ಕೂಡಲೇ ಕನ್ನಡದ ಮುಖವಾಡ ಕಳಚಿ ಒಳಗಿನ ಇಂಗ್ಲಿಷ್ ಚೀಟಿ ಹೊರಗ ಬೀಳುತ್ತದೆ.

‘ದಂಡೋತಿ’ ಅನ್ನೋ ಹೆಸರನ್ನೇ ಬಿಚ್ಚಿ ನೋಡಿದ್ರ

ನುಡಿ ಫಾಂಟಿನಲ್ಲಿ ‘ದಂಡೋತಿ’ ಅಂತ ಟೈಪ್ ಮಾಡಿದರೆ ಫೈಲಿನ ಒಳಗೆ ಕೂರೋದು ಎಂಟು ಗುರುತು: ಸಣ್ಣ ಝೆಡ್, ತಲೆ ಮೇಲೆ ಎಡಕ್ಕೆ ವಾಲಿದ ಗೀಟಿರುವ ದೊಡ್ಡ ಎ, ಬರೀ ದೊಡ್ಡ ಎ, ಸಣ್ಣ ಕ್ಯೂ, ಬಲಕ್ಕೆ ವಾಲಿದ ಗೀಟಿರುವ ದೊಡ್ಡ ಇ, ಎ ಮತ್ತು ಇ ಒಂದಕ್ಕೊಂದು ಅಂಟಿಕೊಂಡ ಅಕ್ಷರ, ಅಲೆಯಂಥ ಗೆರೆ ಹೊತ್ತ ಎ, ಕೊನೆಗೆ ಸಣ್ಣ ಡಬ್ಲ್ಯೂ. ಇದರಲ್ಲಿ ಝೆಡ್ ಮತ್ತು ಗೀಟಿನ ಎ ಸೇರಿ ‘ದ’ ಆಗುತ್ತದೆ. ಬರೀ ಎ ಅಂದ್ರೆ ಸೊನ್ನೆ. ನಡುವಿನ ನಾಲ್ಕು ಸೇರಿ ‘ಡೋ’. ಕೊನೆಯ ಡಬ್ಲ್ಯೂ ಒಂದೇ ‘ತಿ’.

ಅದೇ ಹೆಸರು ಯೂನಿಕೋಡಿನಲ್ಲಿ ಆರು ಸಂಖ್ಯೆ: ದ 3238, ಸೊನ್ನೆ 3202, ಡ 3233, ಓ ಕಾರದ ಗುರುತು 3275, ತ 3236, ಗುಡಿಸು 3263. ಕನ್ನಡಕ್ಕೆ ಅಂತಲೇ 3200ರಿಂದ 3327ರವರೆಗೆ 128 ಜಾಗ ಮೀಸಲಿದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಈ ಸಂಖ್ಯೆಗಳು ಅಮೆರಿಕದ ಮೊಬೈಲಿನಲ್ಲೂ ಅವೇ, ದಂಡೋತಿಯ ಮೊಬೈಲಿನಲ್ಲೂ ಅವೇ.

ಈಗ ಕಾಗಿಣಾ ಹೊಳೆ ಬಂದು ದಂಡೋತಿ ಸೇತುವೆ ಮುಳುಗಿದ ಹಳೇ ವರ್ಷಗಳ ವರದಿ ಬೇಕು ಅಂತ ಒಬ್ಬರು ಹುಡುಕುತ್ತಾರೆ ಅನ್ಕೊಳ್ರಿ. ಅವರು ಟೈಪ್ ಮಾಡೋದು ಯೂನಿಕೋಡ್ ‘ದಂಡೋತಿ’. ಹಳೇ ಫೈಲಿನಲ್ಲಿ ಇರೋದು ಝೆಡ್, ಎ, ಕ್ಯೂ, ಡಬ್ಲ್ಯೂ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಫೈಲಿನಾಗ ದಂಡೋತಿ ಅನ್ನೋ ಊರೇ ಇಲ್ಲ. ನುಡಿ ಫಾಂಟ್ ಹಾಕಿ ಪರದೆ ಮೇಲೆ ಚೆಂದ ಕಾಣಿಸಿದರೂ ಹುಡುಕಿದರೆ ಸಿಗಲ್ಲ, ಅಕಾರಾದಿಯಾಗಿ ಜೋಡಿಸಲು ಬರಲ್ಲ, ಕಣ್ಣು ಕಾಣದವರು ಮೊಬೈಲಿನಲ್ಲಿ ಓದಿಸಿಕೊಳ್ಳುವ ತಂತ್ರಾಂಶಕ್ಕೆ ಅರ್ಥವಾಗಲ್ಲ, ಇನ್ನೊಂದು ಭಾಷೆಗೆ ಅನುವಾದವೂ ಆಗಲ್ಲ.

ಕಸದಾಗ ನಾಲ್ಕು ಜಾತಿ: ಮೊದಲು ಗುರುತು ಹಿಡೀರಿ

ಔಷಧ ಕೊಡೋಕೆ ಮೊದಲು ರೋಗ ಯಾವುದು ಅಂತ ನೋಡಬೇಕು. ಪರದೆ ಮೇಲಿನ ಕಸ ನೋಡಿದ್ರೇ ಸಾಕಷ್ಟು ಗೊತ್ತಾಗುತ್ತದೆ.

• ಬರೀ ಪ್ರಶ್ನಾರ್ಥಕ ಚಿಹ್ನೆ: ಸಾಲು ತುಂಬ ಪ್ರಶ್ನೆ ಗುರುತೇ ಇದ್ದರೆ ಸುದ್ದಿ ಕೆಟ್ಟದ್ದು. ಯೂನಿಕೋಡ್ ಕನ್ನಡವನ್ನ ಹಳೇ ನೋಟ್‌ಪ್ಯಾಡಿನಲ್ಲಿ ‘ಆನ್ಸಿ’ ಅಂತ ಸೇವ್ ಮಾಡಿದಾಗ ಹೀಗಾಗುತ್ತದೆ. ಪ್ರತಿ ಅಕ್ಷರದ ಜಾಗದಲ್ಲೂ 63 ಅನ್ನೋ ಒಂದೇ ಸಂಖ್ಯೆ ಕೂತಿರುತ್ತದೆ. ಅಸಲು ಅಳಿಸಿಹೋಗಿದೆ, ಯಾವ ತಂತ್ರಾಂಶವೂ ವಾಪಸ್ ತರಲ್ಲ. ಬೇರೆ ಪ್ರತಿ ಹುಡುಕಬೇಕು.

• ಬರೀ ಖಾಲಿ ಚೌಕ: ಇದು ರೋಗವೇ ಅಲ್ಲ. ಫೈಲು ಸರಿ ಇದೆ, ಕನ್ನಡ ಫಾಂಟ್ ಇಲ್ಲ ಅಷ್ಟೇ. ನೋಟೋ ಸಾನ್ಸ್ ಕನ್ನಡ ಥರದ ಉಚಿತ ಯೂನಿಕೋಡ್ ಫಾಂಟ್ ಹಾಕಿದರೆ ಮುಗೀತು.

• ಸಣ್ಣ ಎ ಮತ್ತು ಪುಟಾಣಿ ಎರಡು, ಮೂರು: ತಲೆ ಮೇಲೆ ಗೀಟಿರುವ ಸಣ್ಣ ಎ, ಅದರ ಬೆನ್ನಿಗೇ ಮೇಲೆ ತೇಲುವ ಪುಟ್ಟ 2 ಅಥವಾ 3, ಮತ್ತೆ ಮತ್ತೆ ಇದೇ ಬರ್ತಿದ್ದರೆ ಒಳಗೆ ಇರೋದು ಸರಿಯಾದ ಯೂನಿಕೋಡ್ ಕನ್ನಡವೇ. ಓದೋ ತಂತ್ರಾಂಶ ತಪ್ಪು ಪಟ್ಟಿ ಹಿಡಿದು ಓದುತ್ತಿದೆ. ಬಿಲ್ಲಿಂಗ್ ತಂತ್ರಾಂಶದಿಂದ ಮಾಲಿನ ಪಟ್ಟಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ನೇರ ಡಬಲ್ ಕ್ಲಿಕ್ ಮಾಡುವ ಅಂಗಡಿಯವರಿಗೆ ಇದು ಹೆಚ್ಚು.

• ದೊಡ್ಡ ಎ, ಪೌಂಡ್ ಗುರುತು, ಅಡ್ಡಗೀಟಿನ ಡಿ: ತಲೆ ಮೇಲೆ ಗೀಟು ಅಥವಾ ಎರಡು ಚುಕ್ಕಿ ಇರುವ ದೊಡ್ಡ ಎ ಪದೇ ಪದೇ ಬರ್ತದ, ನಡುವೆ ಪೌಂಡ್ ಗುರುತು, ಅಲ್ಲಲ್ಲಿ ಅಡ್ಡಗೀಟು ಹೊಡೆದ ಸಣ್ಣ ಡಿ ಕಾಣ್ತದ ಅಂದ್ರೆ ಅದು ನುಡಿ ಅಥವಾ ಬರಹ. ಇದಕ್ಕೆ ಪರಿವರ್ತನೆ ಬೇಕೇ ಬೇಕು.

ಮೂರನೇ ಜಾತಿಗೆ ಎಕ್ಸೆಲ್ ಒಳಗೇ ಮದ್ದಿದೆ. ಫೈಲನ್ನು ನೇರ ತೆರೆಯದೆ, ‘ಡೇಟಾ’ ಪಟ್ಟಿಯಿಂದ ಸಿಎಸ್‌ವಿ ಆಮದು ಆಯ್ಕೆ ಮಾಡಿ, ಫೈಲಿನ ಮೂಲ ಅಂತ ಕೇಳುವಲ್ಲಿ 65001, ಅಂದ್ರೆ ಯುಟಿಎಫ್-8 ಆರಿಸಿದರೆ ಕನ್ನಡ ಸರಿಯಾಗಿ ಬರುತ್ತದೆ. ಕಸವಾಗಿ ಕಂಡದ್ದನ್ನ ಹಾಗೇ ಸೇವ್ ಮಾಡಲು ಮಾತ್ರ ಹೋಗಬ್ಯಾಡ್ರಿ. ಕಸವೇ ಕಾಯಂ ಆಗುತ್ತದೆ. ಆಮೇಲೆ ಹಿಂದಕ್ಕೆ ತಿರುಗಿಸಲು ಹೋದರೂ ಒತ್ತಕ್ಷರದ ಜಾಗಕ್ಕೆ ಬಂದಾಗ ತೊಡಕಾಗುತ್ತದೆ. ಯಾಕಂದ್ರೆ ಅರ್ಧಾಕ್ಷರದ ಗುರುತಿನ ಕೊನೇ ಬೈಟ್ 141, ವಿಂಡೋಸಿನ ಹಳೇ 1252 ಪಟ್ಟಿಯಲ್ಲಿ ಆ ಜಾಗ ಖಾಲಿ.

ಐಕಾನ್ವ್: ಕಪ್ಪು ಪರದೆಯ ಹಳೇ ಗುಮಾಸ್ತ

ಕಮಾಂಡ್ ಲೈನ್ ಅಂದ್ರೆ ಮೌಸ್ ಇಲ್ಲದೆ ಕಪ್ಪು ಪರದೆ ಮೇಲೆ ಆಜ್ಞೆ ಟೈಪ್ ಮಾಡಿ ಕೆಲಸ ತೆಗೆಯುವ ಪದ್ಧತಿ. ನೋಡೋಕೆ ಹೆದರಿಕೆ ಅನಿಸಿದರೂ ಎರಡು ಲಾಭ ಇವೆ. ಒಂದು, ನೂರು ಫೈಲಿದ್ದರೂ ಒಂದೇ ಸಾಲಿನ ಆಜ್ಞೆಯಲ್ಲಿ ಮುಗಿಯುತ್ತದೆ. ಎರಡು, ಕೆಲಸವೆಲ್ಲ ನಿಮ್ಮ ಕಂಪ್ಯೂಟರಿನ ಒಳಗೇ ನಡೆಯುತ್ತದೆ. ಆನ್‌ಲೈನ್ ಪರಿವರ್ತಕದಲ್ಲಿ ಸದಸ್ಯರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಇರೋ ಪಟ್ಟಿ ಅಂಟಿಸಿದರೆ ಅದು ಯಾರ ಕಂಪ್ಯೂಟರಿಗೆ ಹೋಗುತ್ತದೋ ಗೊತ್ತಾಗಲ್ಲ.

ಈ ಕೆಲಸದಲ್ಲಿ ಹಳೇ, ನಂಬಿಕೆಯ ಆಳು ‘ಐಕಾನ್ವ್’. ಲಿನಕ್ಸ್, ಮ್ಯಾಕ್ ಎರಡರಲ್ಲೂ ಮೊದಲೇ ಇರುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ಒಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್ಎಲ್ ಸೌಲಭ್ಯ ಹಾಕಿಕೊಂಡರೆ ಸಿಗುತ್ತದೆ. ಆಜ್ಞೆಯ ರೂಪ ಹೀಗಿದೆ (ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ):

ಐಕಾನ್ವ್ -ಎಫ್ ಯುಟಿಎಫ್-16 -ಟಿ ಯುಟಿಎಫ್-8 ಹಳೆಫೈಲು > ಹೊಸಫೈಲು

‘ಎಫ್’ ಅಂದ್ರೆ ಯಾವುದರಿಂದ, ‘ಟಿ’ ಅಂದ್ರೆ ಯಾವುದಕ್ಕೆ. ಹಳೇ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ‘ಯೂನಿಕೋಡ್’ ಅಂತ ಆರಿಸಿ ಸೇವ್ ಮಾಡಿದ ಫೈಲು ಯುಟಿಎಫ್-16 ಆಗಿರುತ್ತದೆ. 2019ರ ವಿಂಡೋಸ್ 10 ಆವೃತ್ತಿಯಿಂದ ನೋಟ್‌ಪ್ಯಾಡ್ ತಾನಾಗೇ ಯುಟಿಎಫ್-8 ಬಳಸುತ್ತದೆ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಈ ಯುಟಿಎಫ್-8 ಇವತ್ತು ಇಂಟರ್ನೆಟ್ಟಿನ ಎಲ್ಲ ಕಡೆ ನಡೆಯುವ ನಾಣ್ಯ. ಅದರಲ್ಲಿ ಒಂದೊಂದು ಕನ್ನಡ ಗುರುತಿಗೆ ಮೂರು ಬೈಟ್ ಬೇಕು, ಹಾಗಾಗಿ ‘ದಂಡೋತಿ’ಗೆ 18 ಬೈಟ್.

ಐಕಾನ್ವ್ ಬಳಸುವಾಗ ಎರಡು ಎಚ್ಚರ. ಹಳೆಫೈಲಿಗೂ ಹೊಸಫೈಲಿಗೂ ಒಂದೇ ಹೆಸರು ಕೊಟ್ಟರೆ ಓದೋಕೆ ಮೊದಲೇ ಫೈಲು ಖಾಲಿಯಾಗುತ್ತದೆ, ಎಲ್ಲ ಹೋಯ್ತು. ಇನ್ನೊಂದು, ‘-ಸಿ’ ಅನ್ನೋ ಆಯ್ಕೆ. ತಿರುಗಿಸಲು ಬರದ ಅಕ್ಷರ ಸಿಕ್ಕಾಗ ಐಕಾನ್ವ್ ಅಲ್ಲೇ ನಿಂತು ಎಷ್ಟನೇ ಜಾಗದಲ್ಲಿ ತಪ್ಪಿದೆ ಅಂತ ಹೇಳುತ್ತದೆ. ‘-ಸಿ’ ಹಾಕಿದರೆ ಆ ಅಕ್ಷರ ಬಿಟ್ಟು ಮುಂದೆ ಹೋಗುತ್ತದೆ. ಯಾರ ಹೆಸರಿನ ಯಾವ ಅಕ್ಷರ ಬಿಟ್ಟುಹೋಯ್ತು ಅಂತ ಹೊಸ ಫೈಲು ನೋಡಿದ್ರ ಗೊತ್ತೇ ಆಗಲ್ಲ.

ಇದರ ಜೊತೆಗಾರರೂ ಇದ್ದಾರೆ. ‘ಫೈಲ್’ ಅನ್ನೋ ಆಜ್ಞೆ ಫೈಲು ಯಾವ ಎನ್‌ಕೋಡಿಂಗ್ ಇರಬಹುದು ಅಂತ ಊಹೆ ಮಾಡಿ ಹೇಳುತ್ತದೆ. ‘ಯುಕಾನ್ವ್’ ಐಕಾನ್ವ್‌ನ ಕೆಲಸದ ಜೊತೆ ಇನ್ನೂ ಕೆಲವು ಮಾಡುತ್ತದೆ. ಭಾರತದ ಭಾಷೆಗಳಿಗಾಗಿ 1991ರಲ್ಲಿ ಬಂದ ಇಸ್ಕಿ ಅನ್ನೋ ಪ್ರಮಾಣಕದ ಫೈಲುಗಳನ್ನೂ ಅದು ಯೂನಿಕೋಡಿಗೆ ತಿರುಗಿಸಬಲ್ಲದು.

ನುಡಿ ಫೈಲಿಗೆ ಐಕಾನ್ವ್ ಒಂದೇ ಸಾಲದು

ಇಲ್ಲೇ ಬಹಳ ಮಂದಿ ಎಡವೋದು. ನುಡಿ ಫೈಲನ್ನು 1252 ಪಟ್ಟಿಯಿಂದ ಯುಟಿಎಫ್-8ಗೆ ಐಕಾನ್ವ್ ಮೂಲಕ ತಿರುಗಿಸಿದರೆ ಒಂದು ತಪ್ಪೂ ತೋರಿಸದೆ ಕೆಲಸ ಮುಗಿಯುತ್ತದೆ. ತೆಗೆದು ನೋಡಿದರೆ ಅದೇ ಝೆಡ್, ಅದೇ ಗೀಟಿನ ಎ. ಐಕಾನ್ವ್‌ದು ತಪ್ಪಿಲ್ಲ. ಝೆಡ್ ಅನ್ನು ಅದು ಝೆಡ್ ಆಗಿಯೇ ಹೊಸ ಮನೆಗೆ ಸಾಗಿಸಿದೆ. ಝೆಡ್ ಅಂದ್ರೆ ‘ದ’ದ ತುಂಡು ಅನ್ನೋದು ನುಡಿ ಫಾಂಟಿಗೆ ಮಾತ್ರ ಗೊತ್ತಿದ್ದ ಗುಟ್ಟು, ಐಕಾನ್ವ್‌ನ ಯಾವ ಪಟ್ಟಿಯಲ್ಲೂ ಅದಿಲ್ಲ.

ಹಾಗಾಗಿ ಕೆಲಸ ಎರಡು ಹಂತದ್ದು. ಮೊದಲು ಐಕಾನ್ವ್‌ನಿಂದ ಫೈಲನ್ನು ಯುಟಿಎಫ್-8 ಮಾಡಬೇಕು. ಆಮೇಲೆ ನುಡಿಯ ಗುಟ್ಟು ಗೊತ್ತಿರುವ ಪರಿವರ್ತಕಕ್ಕೆ ಕೊಡಬೇಕು. ಗುಬ್ಬಿ, ನವಿಲು ಫಾಂಟುಗಳನ್ನ ಮಾಡಿದ ಅರವಿಂದ ವಿ.ಕೆ. ಅವರು ಪೈಥಾನ್ ಭಾಷೆಯಲ್ಲಿ ಬರೆದು ಮುಕ್ತವಾಗಿ ಬಿಟ್ಟಿರುವ ‘ಆಸ್ಕಿ ಟು ಯೂನಿಕೋಡ್’ ಅಂಥದ್ದೊಂದು. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೂ ಕಿಟಕಿಯಲ್ಲಿ ತೆರೆಯುವ ಪರಿವರ್ತಕಗಳು ಬಂದಿವೆ. ನಾಲ್ಕೈದು ಪುಟದ ಕೆಲಸಕ್ಕೆ ಅವೇ ಸಾಕು, ರಾಶಿ ಫೈಲಿದ್ದರೆ ಕಮಾಂಡ್ ಲೈನ್ ಬೇಕು. ಶ್ರೀಲಿಪಿಯ ನಕ್ಷೆ ಬೇರೆ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿ ಫೈಲು ಕೊಟ್ಟರೆ ಹೊರಬರೋದು ಇನ್ನೊಂದು ಥರದ ಕಸ.

ಪರಿವರ್ತಕಕ್ಕೆ ತಿಳಿದಿರಬೇಕಾದ ಮೂರು ಗುಟ್ಟು

‘ಈ ಅಕ್ಷರ ಬಂದ್ರ ಆ ಅಕ್ಷರ ಹಾಕು’ ಅಂತ ಹುಡುಕಿ ಬದಲಿಸೋ ಆಯ್ಕೆಯಲ್ಲಿ ತಾವೇ ಮಾಡಿಕೊಳ್ಳಲು ಹೋದವರಿಗೆ ಈ ಮೂರು ಕಡೆ ಪೆಟ್ಟು ಬೀಳುತ್ತದೆ.

ಮೊದಲನೇದು, ಉದ್ದದ ತುಂಡು ಮೊದಲು. ನುಡಿಯಲ್ಲಿ ಮೇಲೆ ತೇಲುವ ಪುಟ್ಟ ಎ ಮತ್ತು ಗೀಟಿನ ದೊಡ್ಡ ಎ ಸೇರಿದರೆ ‘ವ’. ಅದರ ಮುಂದೆ ಎರಡು ಚುಕ್ಕಿಯ ಎ ಬಂದರೆ ಅದು ‘ಮ’. ಮೂರನ್ನೂ ಒಟ್ಟಿಗೆ ನೋಡದೆ ಮೊದಲ ಎರಡನ್ನೇ ನೋಡಿ ‘ವ’ ಅಂತ ಬರೆದುಬಿಟ್ಟರೆ ಉಳಿದ ಚುಕ್ಕಿಯ ಎ ಕೊಂಬು ಆಗಿ ‘ವು’ ಆಗುತ್ತದೆ. ‘ಮತ್ತು’ ಹೋಗಿ ‘ವುತ್ತು’, ‘ಮನೆ’ ಹೋಗಿ ‘ವುನೆ’. ಹಳೇ ಕಾಗದಗಳಲ್ಲಿ ಇಂಥ ‘ವುತ್ತು’ ಕಂಡರೆ ಕಾರಣ ಹೆಚ್ಚಾಗಿ ಇದೇ. ‘ಯ’ ಇನ್ನೂ ಉದ್ದ, ನಾಲ್ಕು ತುಂಡು. ಅದರ ಮೊದಲ ತುಂಡು ಬರೀ ಎ, ಅಂದ್ರೆ ಸೊನ್ನೆಗೆ ಇರೋ ಅದೇ ಗುರುತು. ಅವಸರ ಮಾಡಿದರೆ ‘ಯ’ ಇದ್ದಲ್ಲೆಲ್ಲ ಸೊನ್ನೆ ಬೀಳುತ್ತದೆ.

ಎರಡನೇದು, ಅರ್ಕಾವತ್ತು. ‘ಧರ್ಮ’ ಬರೆಯುವಾಗ ನುಡಿ ಕಣ್ಣಿಗೆ ಕಾಣೋ ಕ್ರಮದಲ್ಲೇ ಇಡುತ್ತದೆ: ಧ, ಮ, ಆಮೇಲೆ ಅರ್ಕಾವತ್ತು, ಅದೇ ಅಡ್ಡಗೀಟಿನ ಡಿ. ಯೂನಿಕೋಡ್ ಇಡೋದು ಬಾಯಲ್ಲಿ ಹೇಳೋ ಕ್ರಮದಲ್ಲಿ: ಧ, ರ, ಅರ್ಧ ಗುರುತು, ಮ. ಪರಿವರ್ತಕ ಅರ್ಕಾವತ್ತನ್ನು ಹಿಡಿದು ಹಿಂದಿನ ಅಕ್ಷರವನ್ನ ದಾಟಿಸಿ ಮುಂಚೆ ತಂದು ಕೂರಿಸಬೇಕು. ಅದು ಬರದಿದ್ದರೆ ಧರ್ಮ, ಕರ್ನಾಟಕ, ಸೂರ್ಯ ಎಲ್ಲದರಲ್ಲೂ ‘ರ’ ತಪ್ಪು ಜಾಗಕ್ಕೆ ಹೋಗುತ್ತದೆ.

ಮೂರನೇದು ಕಣ್ಣಿಗೇ ಕಾಣಲ್ಲ. ‘ಡೋ’ದ ಓ ಕಾರ ನುಡಿಯಲ್ಲಿ ಮೂರು ತುಂಡು. ಪರಿವರ್ತಕ ಮೂರಕ್ಕೂ ಬೇರೆ ಬೇರೆ ಯೂನಿಕೋಡ್ ಗುರುತು ಹಾಕಿದರೂ ಪರದೆ ಮೇಲೆ ‘ದಂಡೋತಿ’ ಅಂತಲೇ ಕಾಣುತ್ತದೆ. ಒಳಗೆ ಮಾತ್ರ ಆರರ ಬದಲು ಎಂಟು ಸಂಖ್ಯೆ. ಇವುಗಳನ್ನ ಕೂಡಿಸಿ ನೋಡದ ತಂತ್ರಾಂಶದಲ್ಲಿ ಹುಡುಕಿದರೆ ಮತ್ತೆ ಸಿಗಲ್ಲ. ಒಂದೇ ಊರು ಪಟ್ಟಿಯಲ್ಲಿ ಎರಡು ಊರಾಗಿ ಎಣಿಕೆಯಾಗುತ್ತದೆ. ಇದನ್ನ ಒಂದೇ ರೂಪಕ್ಕೆ ತರೋದಕ್ಕೆ ನಾರ್ಮಲೈಸ್ ಮಾಡೋದು ಅಂತಾರೆ. ಯುಕಾನ್ವ್‌ನಲ್ಲಿ ‘-ಎಕ್ಸ್ ಎನಿ-ಎನ್‌ಎಫ್‌ಸಿ’ ಅಂತ ಕೊಟ್ಟರೆ ಮೂರು ತುಂಡು ಕೂಡಿ ಒಂದಾಗುತ್ತದೆ.

ಜಿಎಸ್‌ಟಿ ನಂಬರ್ ಕನ್ನಡವಾಗಿಬಿಟ್ಟೀತು, ಹುಷಾರ್

ಅಂಗಡಿಯವರು ಹೆಚ್ಚು ಜಾಗ್ರತೆ ಮಾಡಬೇಕಾದ್ದು ಇಲ್ಲಿ. ನುಡಿ ಫೈಲಿನಲ್ಲಿ ಕನ್ನಡವೂ ಇಂಗ್ಲಿಷ್ ಅಕ್ಷರ, ಇಂಗ್ಲಿಷೂ ಇಂಗ್ಲಿಷ್ ಅಕ್ಷರ. ಯಾವುದು ಯಾವುದು ಅಂತ ಹೇಳೋದು ಆ ಪದಕ್ಕೆ ಹಾಕಿದ ಫಾಂಟ್ ಒಂದೇ. ವರ್ಡ್ ಫೈಲಿನಲ್ಲಿ ಆ ಮಾಹಿತಿ ಇರುತ್ತದೆ. ಅದನ್ನ ಬರೀ ಪಠ್ಯದ ಟಿಎಕ್ಸ್‌ಟಿ ಫೈಲು ಮಾಡಿದ ಕೂಡಲೇ ಫಾಂಟಿನ ಹೆಸರು ಬಿದ್ದುಹೋಗುತ್ತದೆ. ಆಮೇಲೆ ಪರಿವರ್ತಕ ಎದುರಿಗೆ ಬಂದ ಪ್ರತಿ ಇಂಗ್ಲಿಷ್ ಅಕ್ಷರವನ್ನೂ ನುಡಿ ಅಂತಲೇ ತಿಳಿಯುತ್ತದೆ. ಪತ್ರದ ನಡುವೆ ಇದ್ದ ಜಿಎಸ್‌ಟಿ ನಂಬರಿನ ಅಕ್ಷರಗಳು, ಪ್ಯಾನ್ ನಂಬರು, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡು, ಇಮೇಲ್ ವಿಳಾಸ ಎಲ್ಲ ಅರ್ಥವಿಲ್ಲದ ಕನ್ನಡ ತುಂಡುಗಳಾಗುತ್ತವೆ.

ಇದಕ್ಕೆ ದಾರಿ ಎರಡು. ವರ್ಡ್ ಫೈಲಿನ ಒಳಗೇ ಫಾಂಟಿನ ಹೆಸರು ನೋಡಿ ನುಡಿ ಇದ್ದಷ್ಟನ್ನೇ ತಿರುಗಿಸುವ ಪರಿವರ್ತಕ ಬಳಸೋದು ಒಂದು. ಅದು ಆಗದಿದ್ದರೆ, ತಿರುಗಿಸೋಕೆ ಮೊದಲು ಇಂಗ್ಲಿಷ್ ಇರುವ ಸಾಲುಗಳನ್ನ ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡು, ಆಮೇಲೆ ಕೈಯಿಂದ ಸರಿಪಡಿಸೋದು ಇನ್ನೊಂದು.

ಕೆಲಸ ಮಾಡೋ ಕ್ರಮ

1. ಮೂಲ ಫೈಲುಗಳನ್ನ ಹಾಗೇ ಇನ್ನೊಂದು ಪೆನ್‌ಡ್ರೈವ್‌ಗೆ ನಕಲು ಮಾಡಿ ಎತ್ತಿಡಿ. ಅದನ್ನ ಮತ್ತೆ ಮುಟ್ಟಬೇಡಿ.
2. ಎಲ್ಲಾ ಫೈಲು ಒಂದೇ ಸಲ ಬೇಡ. ಹೆಸರು, ಸಂಖ್ಯೆ, ಒತ್ತಕ್ಷರ ಎಲ್ಲ ಇರೋ ಒಂದು ಪುಟ ಆರಿಸಿ ಪರೀಕ್ಷೆ ಮಾಡಿ.
3. ಹಳೇ ವರ್ಡ್ ಫೈಲಾದರೆ ಲಿಬ್ರೆ ಆಫೀಸ್‌ನಿಂದ ತೆರೆಯಬಹುದು. ಕಿಟಕಿ ತೆರೆಯದೆ ಕಮಾಂಡ್ ಲೈನಿನಿಂದಲೇ ಫೈಲುಗಳನ್ನ ಬೇರೆ ರೂಪಕ್ಕೆ ತಿರುಗಿಸುವ ಸೌಲಭ್ಯ ಅದರಲ್ಲಿದೆ.
4. ಬರೀ ಪಠ್ಯದ ಫೈಲಾದರೆ ಮೊದಲು ಐಕಾನ್ವ್, ಆಮೇಲೆ ನುಡಿ ಪರಿವರ್ತಕ, ಕೊನೆಗೆ ಯುಕಾನ್ವ್‌ನಿಂದ ನಾರ್ಮಲೈಸ್.
5. ಹಳೆಯದರಲ್ಲಿ ಎಷ್ಟು ಸಾಲು ಇತ್ತೋ ಹೊಸದರಲ್ಲೂ ಅಷ್ಟೇ ಇದೆಯಾ ಎಣಿಸಿ. ‘ಡಬ್ಲ್ಯೂಸಿ -ಎಲ್’ ಅನ್ನೋ ಆಜ್ಞೆ ಸಾಲು ಎಣಿಸಿ ಕೊಡುತ್ತದೆ.
6. ಹೊಸ ಫೈಲಿನಲ್ಲಿ ಗೀಟಿನ ಎ ಎಲ್ಲಾದರೂ ಉಳಿದಿದೆಯಾ ‘ಗ್ರೆಪ್’ ಆಜ್ಞೆಯಿಂದ ಹುಡುಕಿ. ಉಳಿದಿದ್ದರೆ ಆ ತುಂಡು ಪರಿವರ್ತಕಕ್ಕೆ ಗೊತ್ತಿಲ್ಲ ಅಂತ ಅರ್ಥ. ‘ವುತ್ತು’ ಅಂತಲೂ ಒಮ್ಮೆ ಹುಡುಕಿ.
7. ಹೆಸರು, ಸರ್ವೆ ನಂಬರ್, ರೊಕ್ಕದ ಮೊತ್ತ, ತಾರೀಖು, ಇವು ನಾಲ್ಕನ್ನ ಹಳೇ ಮುದ್ರಿತ ಕಾಗದ ಮುಂದಿಟ್ಟುಕೊಂಡು ಕಣ್ಣಿಂದಲೇ ತಾಳೆ ನೋಡಿ. ಇದನ್ನ ಯಂತ್ರಕ್ಕೆ ಬಿಡಬ್ಯಾಡ್ರಿ.

ಡಿಟಿಪಿ ಅಂಗಡಿಯವರ ಕಷ್ಟವೂ ನಿಜ

‘ಯೂನಿಕೋಡ್ ಬಂದು ಇಷ್ಟು ವರ್ಷ ಆಯ್ತು, ಇನ್ನೂ ನುಡಿ ಯಾಕ?’ ಅಂತ ಕೇಳೋದು ಸುಲಭ. ಲಗ್ನಪತ್ರಿಕೆ, ಬ್ಯಾನರ್, ಕರಪತ್ರ ಮಾಡುವ ಎಷ್ಟೋ ಕಡೆ ಇಂದಿಗೂ ಹಳೇ ಪೇಜ್‌ಮೇಕರ್ ನಡೆಯುತ್ತದೆ. ಪೇಜ್‌ಮೇಕರಿನ ಕೊನೇ ಆವೃತ್ತಿ ಬಂದಿದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಬರೋದೇ ಇಲ್ಲ. ಆದ್ದರಿಂದ ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಯೂನಿಕೋಡ್ ಪಠ್ಯವನ್ನ ಉಲ್ಟಾ ನುಡಿಗೆ ತಿರುಗಿಸಿಕೊಂಡೇ ಅವರು ಕೆಲಸ ಮಾಡಬೇಕು. ಇನ್‌ಡಿಸೈನ್‌ನ ಹೊಸ ಆವೃತ್ತಿಗಳಲ್ಲಿ ಕನ್ನಡ ಯೂನಿಕೋಡ್ ನಡೆಯುತ್ತದೆ, ಆದರೆ ಅದಕ್ಕೆ ಹೊಸ ಕಂಪ್ಯೂಟರು, ಚಂದಾ ರೊಕ್ಕ ಎರಡೂ ಬೇಕು.

ಟೈಪಿಂಗ್ ಮತ್ತೆ ಕಲೀಬೇಕಾಗ್ತದ ಅನ್ನೋ ಹೆದರಿಕೆ ಮಾತ್ರ ಬೇಡ. ನುಡಿಯ ಕೀಲಿ ವಿನ್ಯಾಸಕ್ಕೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ಯೂನಿಕೋಡಿನಲ್ಲೂ ಅದೇ ವಿನ್ಯಾಸದಲ್ಲಿ ಟೈಪ್ ಮಾಡಬಹುದು. ಬೆರಳು ಓಡೋದು ಅದೇ ಕೀಲಿ ಮೇಲೆ, ಬದಲಾಗೋದು ಫೈಲಿನ ಒಳಗೆ ಕೂರುವ ಸಂಖ್ಯೆ ಅಷ್ಟೇ.

ಹಾಗಾದ್ರ ಅಂಗಡಿಯವರು, ಗಿರಾಕಿಗಳು ಇಬ್ಬರೂ ಪಾಲಿಸಬಹುದಾದ ಒಂದು ಸಣ್ಣ ನಿಯಮ: ಯೂನಿಕೋಡ್ ಪ್ರತಿ ಅಸಲು, ನುಡಿ ಪ್ರತಿ ಛಾಪಿಸೋಕೆ ಮಾತ್ರ. ತಿದ್ದುಪಡಿ ಬಂದರೆ ಮೊದಲು ಅಸಲಿನಲ್ಲಿ ತಿದ್ದಿ, ಆಮೇಲೆ ನುಡಿಗೆ ತಿರುಗಿಸಬೇಕು. ಟೈಪ್ ಮಾಡಿಸಿದವರು ಅಂಗಡಿಯಿಂದ ಹೊರಡುವಾಗ ಪ್ರಿಂಟ್ ಒಂದೇ ಅಲ್ಲ, ಯೂನಿಕೋಡ್ ಫೈಲೂ ಕೊಡಿ ಅಂತ ಕೇಳಿ ಪಡೆಯಬೇಕು.

ಕೀಲಿ ಕಳೆದುಹೋದ್ರ ಏನಾಗ್ತದ

ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1980ರ ದಶಕದಲ್ಲಿ ಅಶೋಕನ ಶಾಸನ ಸಿಕ್ಕಿತು. ಅದರ ಲಿಪಿ ಬ್ರಾಹ್ಮಿ. ಸಿಕ್ಕ ಕೂಡಲೇ ವಿದ್ವಾಂಸರು ಓದಿದರು, ಯಾಕಂದ್ರೆ 1837ರ ಹೊತ್ತಿಗೇ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನ ಓದುವ ದಾರಿ ಕಂಡುಹಿಡಿದಿದ್ದರು. ಅದಕ್ಕೂ ಮುಂಚೆ ಎಷ್ಟೋ ಶತಮಾನ ದೇಶದ ತುಂಬ ಅಂಥ ಕಲ್ಲುಗಳು ಜನರ ಕಣ್ಣೆದುರೇ ನಿಂತಿದ್ದವು. ಅಕ್ಷರ ಅಳಿಸಿರಲಿಲ್ಲ, ಓದೋ ಕೀಲಿ ಕಳೆದಿತ್ತು.

ನುಡಿ, ಬರಹದ ನಕ್ಷೆ ಇವತ್ತು ಗೊತ್ತಿದೆ, ಪರಿವರ್ತಕ ಉಚಿತವಾಗಿ ಸಿಗುತ್ತದೆ, ಆ ಫಾಂಟಿನಲ್ಲಿ ಟೈಪ್ ಮಾಡಿದವರು ಇನ್ನೂ ಊರಲ್ಲೇ ಇದ್ದಾರೆ. ಯಾವ ಪದ ತಪ್ಪಾಗಿ ಬಂತು ಅಂತ ನೋಡಿ ಹೇಳೋಕೆ ಅವರೇ ಬೇಕು. ಇತ್ತ ಹಳೇ ಕಂಪ್ಯೂಟರುಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ, ಸಿಡಿ ಓದುವ ಪೆಟ್ಟಿಗೆ ಹೊಸ ಲ್ಯಾಪ್‌ಟಾಪುಗಳಲ್ಲಿ ಬರ್ತಾ ಇಲ್ಲ. ಕಲ್ಲಿನಂಗ ಸಾವಿರ ವರ್ಷ ತಾಳೋ ಶಕ್ತಿ ಪೆನ್‌ಡ್ರೈವ್‌ಗೆ ಇಲ್ಲ.

ಪಂಚಾಯಿತಿ, ಶಾಲೆ, ಸಂಘ, ದೇವಸ್ಥಾನ ಸಮಿತಿಯವರು ಮೊದಲು ತಿರುಗಿಸಬೇಕಾದ್ದು ಬೇರೆಲ್ಲೂ ನಕಲು ಇಲ್ಲದ ಫೈಲುಗಳನ್ನ: ನಡಾವಳಿ, ಸದಸ್ಯರ ಪಟ್ಟಿ, ದಾನಿಗಳ ಹೆಸರು, ಹಳೇ ವಿದ್ಯಾರ್ಥಿಗಳ ದಾಖಲಾತಿ. ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರು ಈಗ ಪ್ರತ್ಯೊಂದು ಊರಲ್ಲೂ ಇದ್ದಾರೆ. ಮೇಲಿನ ಏಳು ಹಂತ ಅವರ ಕೈಗೆ ಕೊಟ್ಟರೆ ಸಾಕು. ತಿರುಗಿಸಿದ ಮೇಲೂ ಹಳೇ ಫೈಲು ಅಳಿಸಬ್ಯಾಡ್ರಿ. ಮುಂದೆ ಯಾರದೋ ಹೆಸರಿನ ಒಂದು ಒತ್ತಕ್ಷರದ ಮೇಲೆ ಸಂಶಯ ಬಂದ್ರ ತಾಳೆ ನೋಡೋಕೆ ಇರೋದು ಅದೊಂದೇ.